ಸಂತೆಯಿಂದ ತಂದ ಟಗರುಮರಿ: ಮೊದಲ 28 ದಿನದ ಆರೈಕೆ

ಸಾಕಿ ಮಾರಲೆಂದು ತಂದ ಟಗರುಮರಿಗಳಲ್ಲಿ ಸಾವು ಆಗುವುದಿದ್ದರೆ ಹೆಚ್ಚಾಗಿ ಮೊದಲ ಮೂರ್ನಾಲ್ಕು ವಾರದಲ್ಲೇ ಆಗುತ್ತದೆ. ಆ ಹೊತ್ತಿಗೆ ಮರಿ ತಾಯಿಯನ್ನು ಅಗಲಿರುತ್ತದೆ, ಸಂತೆಯ ಬಿಸಿಲಲ್ಲಿ ನಿಂತಿರುತ್ತದೆ, ಹತ್ತೂರಿನ ಮರಿಗಳ ಸಿಂಬಳ ತಾಗಿಸಿಕೊಂಡಿರುತ್ತದೆ, ಗಾಡಿಯಲ್ಲಿ ಕುಲುಕಿ ಸುಸ್ತಾಗಿರುತ್ತದೆ. ಅಂಥ ಮರಿಗೆ ಬಂದ ದಿನವೇ ಬುಟ್ಟಿ ತುಂಬ ಮೆಕ್ಕೆಜೋಳ ಸುರಿದು, ಬಕೆಟ್ ತುಂಬ ನೀರಿಟ್ಟು, ಸಂಜೆಯೊಳಗೆ ಜಂತಿನ ಔಷಧವನ್ನೂ ಕುಡಿಸಿ ಸೂಜಿಯನ್ನೂ ಚುಚ್ಚಿಸುವವರಿದ್ದಾರೆ. ಕಾಳಜಿಯಿಂದಲೇ ಮಾಡುತ್ತಾರೆ, ಮರಿ ಮಾತ್ರ ತಾಳುವುದಿಲ್ಲ. ಮೊದಲ ದಿನಗಳಲ್ಲಿ ಏನು ಕೊಡಬಾರದು ಎಂಬುದನ್ನು ತಿಳಿದವರ ಕೊಟ್ಟಿಗೆಯಲ್ಲಿ ಮರಿ ಉಳಿಯುತ್ತದೆ.

ಇಲ್ಲಿ ಹೇಳಿರುವುದು ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ 20ರಿಂದ 50 ಮರಿ ತಂದು ಕಟ್ಟಿ ಮೇಯಿಸುವವರಿಗಾಗಿ. ಕೆಂಗುರಿಯಾಗಲಿ, ಕರಿ ಬಳ್ಳಾರಿ ತಳಿಯಾಗಲಿ, ಮೂರು ನಾಲ್ಕು ತಿಂಗಳ, 12ರಿಂದ 15 ಕಿಲೋ ತೂಗುವ ಮರಿ ಎಂದು ಇಟ್ಟುಕೊಳ್ಳಿ.

ಮರಿಗಿಂತ ಮೊದಲು ಕೊಟ್ಟಿಗೆ

ಹೊಸ ಮರಿಗೆ ಬೇರೆಯೇ ಜಾಗ ಬೇಕು. ಹಳೆಯ ಹಿಂಡಿನ ಪಕ್ಕದಲ್ಲಿ ಒಂದು ತಡಿಕೆ ಕಟ್ಟಿದರೆ ಅದು ಬೇರೆ ಜಾಗವಾಗುವುದಿಲ್ಲ, ಮೂಗಿಗೆ ಮೂಗು ತಾಗುತ್ತದೆ. ಗಾಳಿ ಹಳೆಯ ಹಿಂಡಿನ ಕಡೆಯಿಂದ ಹೊಸ ಮರಿಗಳ ಕಡೆಗೆ ಬೀಸುವಂತೆ, ಹೊಲದ ಇನ್ನೊಂದು ತುದಿಯಲ್ಲಿ ಜಾಗ ಮಾಡಿ. ಬಕೆಟ್, ಗೋದಲಿ, ಕಸಬರಿಗೆ, ಕೊನೆಗೆ ಕಾಲಿನ ಚಪ್ಪಲಿಯೂ ಬೇರೆ ಇರಲಿ. ಕೆಲಸದವರು ಒಬ್ಬರೇ ಆದರೆ ಹಳೆಯ ಹಿಂಡಿನ ಕೆಲಸ ಮುಗಿಸಿಯೇ ಹೊಸ ಮರಿಗಳ ಬಳಿ ಹೋಗಬೇಕು. ಹೊಸ ಮರಿ ಮುಟ್ಟಿದ ಕೈಯಲ್ಲಿ ಹಳೆಯ ಹಿಂಡಿಗೆ ಬರಬಾರದು.

ಒಂದು ಮರಿಗೆ ನೆರಳಿನಲ್ಲಿ 5ರಿಂದ 6 ಚದರಡಿ, ಹೊರಗೆ ಅಂಗಳದಲ್ಲಿ ಅದರ ಎರಡು ಪಟ್ಟು ಸಾಕು. ಗೋದಲಿಯ ಉದ್ದವನ್ನು ಬಹಳ ಜನ ಮರೆಯುತ್ತಾರೆ. ಒಂದು ಮರಿಗೆ 8ರಿಂದ 9 ಇಂಚು ಬಾಯಿ ಜಾಗ ಬೇಕು, ಅಂದರೆ 20 ಮರಿಗೆ ಒಂದೇ ಬದಿಯಿಂದ ತಿನ್ನುವ ಗೋದಲಿ ಸುಮಾರು 15 ಅಡಿ. ಇದಕ್ಕಿಂತ ಕಡಿಮೆಯಾದರೆ ಗಟ್ಟಿ ಮರಿ ಎರಡು ಪಾಲು ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತದೆ, ಬಡ ಮರಿ ಹಸಿದು ಸೊರಗುತ್ತದೆ. ಎರಡೂ ನಷ್ಟಕ್ಕೆ ಕಾರಣ ಒಂದೇ ಗೋದಲಿ.

ಎರೆ ನೆಲದಲ್ಲಿ ಕೊಟ್ಟಿಗೆ ಹಾಕಿದವರು ಮಳೆಗಾಲದ ಮೊದಲು ಅರ್ಧ ಅಡಿ ಗರಸು ಹಾಕಿ ದಬಾಯಿಸಿ, ಒಂದು ಕಡೆಗೆ ಇಳಿಜಾರು ಕೊಡಲೇಬೇಕು. ಕೆಸರಿನಲ್ಲಿ ನಿಂತ ಮರಿಗೆ ಗೊರಸು ಕೊಳೆಯುತ್ತದೆ, ಹೊಟ್ಟೆಯ ಕೆಳಗಿನ ಕೂದಲು ಒದ್ದೆಯಾಗಿ ರಾತ್ರಿ ಚಳಿ ಹಿಡಿಯುತ್ತದೆ. ಅಟ್ಟಣಿಗೆಯ ಕೊಟ್ಟಿಗೆಯಾದರೆ ಹಲಗೆಗಳ ಸಂದು ಒಂದೂವರೆ ಸೆಂಟಿಮೀಟರ್ ದಾಟಬಾರದು. ದೊಡ್ಡ ಕುರಿಗೆಂದು ಬಿಟ್ಟ ಸಂದಿನಲ್ಲಿ ಮರಿಯ ಕಾಲು ಸಿಕ್ಕಿ ಮುರಿಯುತ್ತದೆ.

ಮೊದಲಿನ ತಂಡ ಹೋದ ಮೇಲೆ ಹಿಕ್ಕೆ ಪೂರ್ತಿ ತೆಗೆದು, ಲೀಟರ್ ನೀರಿಗೆ 40 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ನೆಲ, ಗೋದಲಿ, ಗೋಡೆಯ ಕೆಳಭಾಗ ತೊಳೆಯಿರಿ. ಒಣಗಿದ ಮೇಲೆ ಸುಣ್ಣ ಬಳಿಯಿರಿ. ಹಿಕ್ಕೆಯ ಮೇಲೆಯೇ ಸುಣ್ಣ ಚೆಲ್ಲಿದರೆ ಏನೂ ಉಪಯೋಗವಿಲ್ಲ, ಕೆಳಗಿನದು ಹಾಗೇ ಉಳಿಯುತ್ತದೆ. ಹಿಂದಿನ ತಂಡದಲ್ಲಿ ಸಿಡುಬು ಬಂದಿದ್ದರೆ ಇನ್ನಷ್ಟು ಎಚ್ಚರ ಬೇಕು. ಸಿಡುಬಿನ ಹಕ್ಕಳೆಗಳಲ್ಲಿ ರೋಗ ತಿಂಗಳುಗಟ್ಟಲೆ ಉಳಿಯುತ್ತದೆ.

ಸಂತೆಯಲ್ಲಿ ಮರಿ ನೋಡುವುದು

ಒಬ್ಬ ಕುರಿಗಾಹಿಯ ಒಂದೇ ಹಿಂಡಿನಿಂದ 20 ಮರಿ ಸಿಕ್ಕರೆ, ಕಿಲೋಗೆ ಸ್ವಲ್ಪ ಹೆಚ್ಚು ಕೊಟ್ಟರೂ ಲಾಭವೇ. ಬಯಲಲ್ಲಿ ಮೇಯುವ ಹಿಂಡಿನ ದೊಡ್ಡಿಗೇ ಹೋಗಿ ಕೊಂಡರೆ ಇನ್ನೂ ಒಳ್ಳೆಯದು. ಯಾವ ಲಸಿಕೆ ಆಗಿದೆ, ಎಲ್ಲಿ ಮೇಯುತ್ತಿದ್ದವು, ಮೊಲೆ ಬಿಟ್ಟು ಎಷ್ಟು ದಿನವಾಯಿತು ಎಂದು ಕೇಳಿ ತಿಳಿಯಬಹುದು. ಅಮೀನಗಡದಂಥ ದೊಡ್ಡ ಸಂತೆಯಲ್ಲಿ ದಲ್ಲಾಳಿಯ ಗುಂಪಿನಿಂದ ಕೊಂಡರೆ ಹತ್ತು ಹಿಂಡಿನ ಮರಿ ಒಂದೇ ಹಗ್ಗದಲ್ಲಿರುತ್ತವೆ. ಹತ್ತು ಹಿಂಡಿನ ರೋಗವೂ ಜೊತೆಗೆ ಬರುತ್ತದೆ.

ಮರಿಯನ್ನು ಮೊದಲು ದೂರದಿಂದ ನೋಡಿ. ಗುಂಪಿನಿಂದ ಬೇರೆ ನಿಂತದ್ದು, ಕಿವಿ ಜೋತುಬಿಟ್ಟದ್ದು, ಬೆನ್ನು ಗೂನು ಮಾಡಿದ್ದು ಬೇಡ. ನಾಲ್ಕು ಹೆಜ್ಜೆ ಓಡಿಸಿ. ಓಡಿದ ಮೇಲೆ ಕೆಮ್ಮಿದರೆ ಅದನ್ನು ಮಾತ್ರವಲ್ಲ, ಆ ಗುಂಪನ್ನೇ ಬಿಡಿ. ಆಮೇಲೆ ಕೈಗೆ ತೆಗೆದುಕೊಂಡು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ. ಒಳಗೆ ಕೆಂಪು ಅಥವಾ ನಸುಗೆಂಪು ಇರಬೇಕು. ಬಿಳಚಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತು ತುಂಬಿವೆ. ದವಡೆಯ ಕೆಳಗೆ ನೀರು ತುಂಬಿದ ಚೀಲದಂತೆ ಊತವಿದ್ದರೂ ಅದೇ ಅರ್ಥ, ಇಲ್ಲವೇ ಪಿತ್ತಜನಕಾಂಗದ ಹುಳು. ಬಾಲ ಎತ್ತಿ ಹಿಂಭಾಗಕ್ಕೆ ಹಿಕ್ಕೆ ಮೆತ್ತಿದೆಯೇ ನೋಡಿ. ತುಟಿಯ ಅಂಚಿನಲ್ಲಿ ಹಕ್ಕಳೆಯ ಹುಣ್ಣು, ಮೂಗಿನಲ್ಲಿ ಗಟ್ಟಿ ಸಿಂಬಳ, ಗೊರಸಿನ ಸಂದಿನಲ್ಲಿ ಕೊಳೆತ ವಾಸನೆ ಇದ್ದರೆ ಬೇಡ. ಎರಡೂ ಬೀಜ ಕೆಳಗೆ ಇಳಿದಿವೆಯೇ ಎಂದು ಬಕ್ರೀದ್‌ಗೆ ಬೆಳೆಸುವವರು ಮುಟ್ಟಿಯೇ ನೋಡಬೇಕು.

ಹೊಟ್ಟೆ ಡೊಳ್ಳಿನಂತೆ ಬಿಗಿದಿದ್ದರೆ ಅನುಮಾನ ಪಡಿ. ತೂಕ ಹೆಚ್ಚಲೆಂದು ಹಿಂದಿನ ರಾತ್ರಿ ಉಪ್ಪು ತಿನ್ನಿಸಿ ಬೆಳಗ್ಗೆ ನೀರು ಕುಡಿಸುವ ರೂಢಿ ಕೆಲವು ಮಾರಾಟಗಾರರಲ್ಲಿದೆ. ಇದರಲ್ಲಿ ಹೋಗುವುದು ಒಂದೆರಡು ಕಿಲೋ ಹಣ ಮಾತ್ರವಲ್ಲ. ಉಪ್ಪು ತಿಂದ ಮರಿ ದಾರಿಯಲ್ಲಿ ನೀರಿಲ್ಲದೆ ಬಂದು, ಮನೆಯಲ್ಲಿ ಒಮ್ಮೆಗೇ ಹೊಟ್ಟೆ ತುಂಬ ಕುಡಿದರೆ ಏನಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಮೊಲೆ ಬಿಡದ ಎರಡು ತಿಂಗಳ ಮರಿ ಅಗ್ಗಕ್ಕೆ ಸಿಗುತ್ತದೆಂದು ತರಬೇಡಿ. ಅದರ ದೊಡ್ಡ ಹೊಟ್ಟೆ ಇನ್ನೂ ಒಣ ಮೇವು ಅರಗಿಸುವಷ್ಟು ಬೆಳೆದಿರುವುದಿಲ್ಲ. ಹಲ್ಲು ನೋಡಿ ಈ ವಯಸ್ಸು ಹೇಳಲಾಗದು, ಹಾಲುಹಲ್ಲು ಬೇಗನೇ ಬಂದುಬಿಡುತ್ತವೆ. ಆದ್ದರಿಂದ ತೂಗುವ ಕೊಕ್ಕೆ ತಕ್ಕಡಿ ಜೊತೆಗಿರಲಿ, 12 ಕಿಲೋ ಒಳಗಿನದನ್ನು ಬಿಟ್ಟುಬಿಡಿ.

ಗಾಡಿಯಲ್ಲಿ

ಪಿಕಪ್ಪಿನ ಕಬ್ಬಿಣದ ನೆಲದ ಮೇಲೆ ಎರಡು ಇಂಚು ಮರಳು, ಅದರ ಮೇಲೆ ಭತ್ತದ ಹುಲ್ಲು ಹರಡಿ. 15 ಕಿಲೋ ಮರಿಗೆ ಎರಡು ಚದರಡಿ ಲೆಕ್ಕ ಹಿಡಿಯಿರಿ. ತೀರಾ ಸಡಿಲವಾದರೂ ತಿರುವಿನಲ್ಲಿ ಮರಿಗಳು ಒಂದರ ಮೇಲೊಂದು ಬೀಳುತ್ತವೆ, ಹಾಗಾಗಿ ಕಡಿಮೆ ಮರಿಯಿದ್ದರೆ ನಡುವೆ ಹಲಗೆ ಕಟ್ಟಿ. ಕಾಲು ಕಟ್ಟುವುದು ಬೇಡವೇ ಬೇಡ. ತಾಡಪಾಲು ಮೇಲೆ ಮಾತ್ರ, ಬದಿಗಳಲ್ಲಿ ಗಾಳಿ ಆಡಲಿ. ಬೇಸಿಗೆಯಲ್ಲಿ ರಾಯಚೂರಿನ ಕಡೆ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಆ ಹೊತ್ತಿಗೆ ಗಾಡಿ ರಸ್ತೆಯಲ್ಲಿ ಇರಬಾರದು, ಸಂಜೆ ಹೊರಡಿ ಅಥವಾ ಬೆಳಗಿನ ಜಾವ. ಹೊರಟು ಅರ್ಧ ಗಂಟೆಯಾದ ಮೇಲೆ ಒಮ್ಮೆ ನಿಲ್ಲಿಸಿ, ಬಿದ್ದ ಮರಿ ಇದೆಯೇ ನೋಡಿ. ಹೆಚ್ಚಿನ ಮರಿ ಬೀಳುವುದು ಶುರುವಿನಲ್ಲೇ, ಮತ್ತೆ ಎಬ್ಬಿಸದಿದ್ದರೆ ತುಳಿತಕ್ಕೆ ಸಿಕ್ಕು ಸಾಯುತ್ತದೆ.

ಇಳಿಸಿದ ದಿನ

ಮರಿಯನ್ನು ತುಪ್ಪಟ ಹಿಡಿದು ಎತ್ತಿ ಇಳಿಸಬಾರದು. ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟುತ್ತದೆ, ಆ ಜಾಗದಲ್ಲಿ ಬಾವು ಆಗುತ್ತದೆ. ಒಂದು ಕೈ ಎದೆಯ ಕೆಳಗೆ, ಒಂದು ಕೈ ಹಿಂಗಾಲಿನ ಹಿಂದೆ ಕೊಟ್ಟು ಒಂದೊಂದಾಗಿ ಇಳಿಸಿ. ಇಳಿಸುವಾಗಲೇ ಎಣಿಸಿ, ತೂಗಿ, ಬೆನ್ನಿಗೆ ಬಣ್ಣದಲ್ಲಿ ಸಂಖ್ಯೆ ಬರೆದು ಪುಸ್ತಕದಲ್ಲಿ ಗುರುತಿಸಿ. ಸಂತೆಯ ತೂಕಕ್ಕಿಂತ ಒಂದು ಕಿಲೋ ಕಡಿಮೆ ಬಂದರೆ ಗಾಬರಿ ಬೇಡ, ದಾರಿಯಲ್ಲಿ ಹೊಟ್ಟೆ ಖಾಲಿಯಾಗಿರುತ್ತದೆ. ಮುಂದಿನ ಎಲ್ಲ ಔಷಧದ ಲೆಕ್ಕ ಈ ತೂಕದ ಮೇಲೆಯೇ ನಿಲ್ಲುತ್ತದೆ.

ಕೊಟ್ಟಿಗೆಗೆ ಬಿಟ್ಟು ಒಂದು ಗಂಟೆ ಸುಮ್ಮನಿರಲು ಬಿಡಿ. ನೋಡಲು ಊರಿನವರು ಬರುತ್ತಾರೆ, ಮಕ್ಕಳು ಬರುತ್ತವೆ. ಆ ದಿನ ಮಾತ್ರ ಎಲ್ಲರನ್ನೂ ದೂರ ಇಡಿ. ನಾಯಿ ಕಟ್ಟಿಹಾಕಿ.

ಆಮೇಲೆ ನೀರು. 10 ಲೀಟರ್ ನೀರಿಗೆ 200 ಗ್ರಾಂ ಬೆಲ್ಲ, 30 ಗ್ರಾಂ ಉಪ್ಪು ಕರಗಿಸಿ. ಉಪ್ಪು ತಿನ್ನಿಸಿ ತಂದಿದ್ದಾರೆಂಬ ಅನುಮಾನವಿದ್ದರೆ ಈ ನೀರಿಗೆ ಉಪ್ಪು ಹಾಕಲೇಬೇಡಿ, ಬೆಲ್ಲ ಮಾತ್ರ ಸಾಕು. ಒಂದು ಮರಿಗೆ ಮೊದಲು ಕಾಲು ಲೀಟರ್ ಲೆಕ್ಕದಲ್ಲಿ ಇಟ್ಟು ತೆಗೆಯಿರಿ. ಅರ್ಧ ಗಂಟೆ ಬಿಟ್ಟು ಮತ್ತೆ ಅಷ್ಟೇ. ಹೀಗೆ ನಾಲ್ಕು ಬಾರಿ ಆದ ಮೇಲೆ ಬಕೆಟ್ ಅಲ್ಲೇ ಇಡಬಹುದು. ಇಷ್ಟು ಎಚ್ಚರ ಯಾಕೆಂದರೆ, ಬಾಯಾರಿದ ಮರಿಯ ರಕ್ತದಲ್ಲೂ ಮಿದುಳಿನಲ್ಲೂ ಉಪ್ಪಿನಂಶ ಏರಿರುತ್ತದೆ. ಒಮ್ಮೆಗೇ ಬಹಳ ನೀರು ಒಳಗೆ ಹೋದರೆ ರಕ್ತ ತಿಳಿಯಾಗುತ್ತದೆ, ಮಿದುಳಿನ ಉಪ್ಪು ಅಷ್ಟು ಬೇಗ ಇಳಿಯದು. ಅದು ನೀರನ್ನು ತನ್ನೊಳಗೆ ಎಳೆದುಕೊಂಡು ಊದುತ್ತದೆ. ಮರಿ ತೂರಾಡುತ್ತದೆ, ಗೋಡೆಗೆ ತಲೆ ಒತ್ತುತ್ತದೆ, ಕಾಲು ಬಡಿದು ಸಾಯುತ್ತದೆ. ಜನ ಇದನ್ನು ದೃಷ್ಟಿ ತಾಗಿತು, ಹಾವು ಮುಟ್ಟಿತು ಎನ್ನುತ್ತಾರೆ. ಕೊಂದದ್ದು ಒಂದು ಬಕೆಟ್ ನೀರು.

ನೀರಿನ ಜೊತೆಗೆ ಒಣ ಮೇವು: ಶೇಂಗಾ ಹೊಟ್ಟು, ಕಡಲೆ ಹೊಟ್ಟು, ತೊಗರಿ ಹೊಟ್ಟು, ಕತ್ತರಿಸಿದ ಜೋಳದ ಸೊಪ್ಪೆ. ಇವುಗಳಲ್ಲಿ ಎರಡು ಸೇರಿಸಿದರೆ ಚೆಂದ. ಬಯಲಲ್ಲಿ ಮೇದ ಮರಿಗೆ ಈ ವಾಸನೆ ಗೊತ್ತು, ಬೇಗ ಬಾಯಿ ಹಾಕುತ್ತದೆ. ಬರೀ ಭತ್ತದ ಹುಲ್ಲು ಹಾಕಿದರೆ ಹೊಟ್ಟೆ ತುಂಬುತ್ತದೆ, ಮೈ ಹಿಡಿಯುವುದಿಲ್ಲ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಹುಲ್ಲು ಸುಲಭಕ್ಕೆ ಸಿಗುತ್ತದೆಂದು ಅದನ್ನೇ ನೆಚ್ಚುವವರು ಅರ್ಧದಷ್ಟಾದರೂ ಬೇಳೆಕಾಳಿನ ಹೊಟ್ಟು ಬೆರೆಸಬೇಕು. ಶೇಂಗಾ ಹೊಟ್ಟಿನ ಬಣವೆಯನ್ನು ಒಳಗಿನಿಂದ ಹಿರಿದು ಮೂಸಿ ನೋಡಿ. ಮಳೆ ಹನಿ ಬಿದ್ದು ಬೂಸಲು ಹಿಡಿದದ್ದು ಯಕೃತ್ತನ್ನು ಕೆಡಿಸುವ ವಿಷ, ಬಿಸಿಲಿಗೆ ಒಣಗಿಸಿದರೂ ಹೋಗುವುದಿಲ್ಲ.

ಹಸಿ ಮೇವು ಮೊದಲ ಮೂರು ದಿನ ಬೇಡ. ಆಮೇಲೂ ಕುದುರೆ ಮೆಂತೆ, ಎಳೆ ಮೆಕ್ಕೆಜೋಳದಂಥದ್ದನ್ನು ಒಣ ಮೇವು ತಿನ್ನಿಸಿ, ಅದನ್ನು ಒಂದು ಹೊತ್ತು ಬಾಡಿಸಿದ ಮೇಲೆಯೇ ಹಾಕಿ. ಹಸಿದ ಹೊಟ್ಟೆಗೆ ಇಬ್ಬನಿ ಹೊತ್ತ ಮೆಂತೆ ಬಿದ್ದರೆ ಎಡಗಡೆಯ ಹೊಟ್ಟೆ ಉಬ್ಬುತ್ತದೆ. ನುಗ್ಗೆ, ಚೊಗಚೆ ಸೊಪ್ಪಿಗೆ ಈ ಭಯ ಕಡಿಮೆ.

ದಾಣಿ ಮತ್ತು ಕರುಳುಬೇನೆ: ಎರಡಕ್ಕೂ ಒಂದೇ ಪಂಚಾಂಗ

ಕುರಿಯ ದೊಡ್ಡ ಹೊಟ್ಟೆಯಲ್ಲಿ ಮೇವನ್ನು ಅರಗಿಸುವವು ಸೂಕ್ಷ್ಮಜೀವಿಗಳು. ನಾರು ಅರಗಿಸುವ ಜೀವಿಗಳೇ ಬೇರೆ, ಪಿಷ್ಟ ಅರಗಿಸುವವೇ ಬೇರೆ. ಹುಲ್ಲು ಮೇದು ಬೆಳೆದ ಮರಿಯ ಹೊಟ್ಟೆಯಲ್ಲಿ ಎರಡನೆಯವು ತೀರಾ ಕಡಿಮೆ. ಅವು ಬೆಳೆದು ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು. ಅಷ್ಟರೊಳಗೆ ಮೆಕ್ಕೆಜೋಳ, ಜೋಳ, ಅಕ್ಕಿ ನುಚ್ಚು ಒಮ್ಮೆಗೇ ಹೆಚ್ಚು ಬಿದ್ದರೆ ಹೊಟ್ಟೆ ಹುಳಿಯಾಗುತ್ತದೆ. ಮರಿ ಮೆಲುಕು ನಿಲ್ಲಿಸುತ್ತದೆ, ಹಲ್ಲು ಕಡಿಯುತ್ತದೆ, ಹುಳಿ ವಾಸನೆಯ ತೆಳು ಭೇದಿ ಮಾಡುತ್ತದೆ, ಮರುದಿನ ಏಳುವುದಿಲ್ಲ. ಶುರುವಿನಲ್ಲೇ ಕಂಡರೆ 15 ಕಿಲೋ ಮರಿಗೆ 15 ಗ್ರಾಂ ಅಡುಗೆ ಸೋಡಾವನ್ನು ಕಾಲು ಲೀಟರ್ ನೀರಿನಲ್ಲಿ ಕರಗಿಸಿ ನಿಧಾನವಾಗಿ ಕುಡಿಸಿ, ದಾಣಿ, ಅಂದರೆ ಕಾಳು ಹಿಂಡಿಯ ಮಿಶ್ರಣ ನಿಲ್ಲಿಸಿ, ವೈದ್ಯರನ್ನು ಕರೆಯಿರಿ. ಮಲಗಿದ ಮರಿಗೆ ಬಾಯಿಂದ ಏನನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ.

ಇದೇ ಪಿಷ್ಟ ಅರಗದೆ ಕರುಳಿಗೆ ಇಳಿದಾಗ ಇನ್ನೊಂದು ಅನಾಹುತ ಇದೆ. ಕುರಿಯ ಕರುಳಿನಲ್ಲಿ ಮೊದಲೇ ಅಲ್ಪ ಪ್ರಮಾಣದಲ್ಲಿರುವ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಆ ಪಿಷ್ಟದ ಮೇಲೆ ಕೊಬ್ಬಿ ವಿಷ ಬಿಡುತ್ತದೆ. ಅದೇ ಕರುಳುಬೇನೆ. ಚೆನ್ನಾಗಿ ತಿಂದು ದುಂಡಗಾದ ಮರಿಯೇ ಮೊದಲು ಹೋಗುತ್ತದೆ, ರಾತ್ರಿ ಚೆನ್ನಾಗಿದ್ದದ್ದು ಬೆಳಗ್ಗೆ ಕುತ್ತಿಗೆ ಹಿಂದಕ್ಕೆ ಬಾಗಿ ಸತ್ತಿರುತ್ತದೆ. ಔಷಧಕ್ಕೆ ಸಮಯವೇ ಸಿಗುವುದಿಲ್ಲ. ತಡೆಯುವ ದಾರಿ ಎರಡೇ, ಲಸಿಕೆ ಮತ್ತು ಹತೋಟಿಯಲ್ಲಿರುವ ದಾಣಿ. ಲಸಿಕೆ ಪೂರ್ತಿ ಕೆಲಸ ಮಾಡುವುದು ಎರಡನೆಯ ಸಲ ಹಾಕಿಸಿದ ಮೇಲೆ. ಆದ್ದರಿಂದ ಎರಡನೆಯ ಲಸಿಕೆ ಆಗುವವರೆಗೆ ದಾಣಿ 150 ಗ್ರಾಂ ದಾಟಬಾರದು. ಲಸಿಕೆಯ ಪುಸ್ತಕ ಬೇರೆ, ದಾಣಿಯ ಲೆಕ್ಕ ಬೇರೆ ಎಂದು ನಡೆಸುವವರ ಕೊಟ್ಟಿಗೆಯಲ್ಲೇ ಈ ಸಾವು ಹೆಚ್ಚು.

ಲೆಕ್ಕ ಹೀಗೆ. ಮೊದಲ ಮೂರು ದಿನ ದಾಣಿ ಇಲ್ಲ. ನಾಲ್ಕನೆಯ ದಿನದಿಂದ ಮರಿಗೆ 50 ಗ್ರಾಂ, ಏಳನೆಯ ದಿನ 75, ಹತ್ತಕ್ಕೆ 100, ಹದಿನಾಲ್ಕಕ್ಕೆ 125, ಇಪ್ಪತ್ತೊಂದಕ್ಕೆ 150. ಅಲ್ಲೇ ನಿಲ್ಲಿಸಿ. 28ನೆಯ ದಿನದ ಲಸಿಕೆಯಾಗಿ ಹತ್ತು ದಿನ ಕಳೆದ ಮೇಲೆ ಎರಡು ಮೂರು ದಿನಕ್ಕೊಮ್ಮೆ 25 ಗ್ರಾಂ ಏರಿಸುತ್ತ 300ಕ್ಕೆ ಒಯ್ಯಿರಿ. ದಿನದ ಪಾಲನ್ನು ಎರಡು ಹೊತ್ತಿಗೆ ಹಂಚಿ, ಪ್ರತಿ ಸಲವೂ ಹೊಟ್ಟು ತಿನ್ನಿಸಿದ ಮೇಲೆ ಹಾಕಿ. ತಂಬಿಗೆ, ಬೊಗಸೆಯ ಅಳತೆ ನಂಬಬೇಡಿ, ಒಮ್ಮೆ ತೂಗಿ ಡಬ್ಬಿಗೆ ಗೆರೆ ಎಳೆದುಕೊಳ್ಳಿ. ಬಯಲ ಮರಿಗೆ ಗೋದಲಿಯ ದಾಣಿ ಎಂದರೇನೆಂದೇ ಗೊತ್ತಿರುವುದಿಲ್ಲ. ಹೊಟ್ಟಿಗೆ ಚಿಮುಕಿಸಿ ಕಲಸಿದರೆ ಮೂರು ದಿನದಲ್ಲಿ ಕಲಿಯುತ್ತದೆ.

100 ಕಿಲೋ ದಾಣಿಗೆ ಮೆಕ್ಕೆಜೋಳದ ನುಚ್ಚು 40, ಶೇಂಗಾ ಹಿಂಡಿ 22, ಗೋಧಿ ಬೂಸಾ 19, ತೊಗರಿ ಚುನ್ನಿ 15, ಖನಿಜ ಮಿಶ್ರಣ 2, ಸುಣ್ಣದಕಲ್ಲಿನ ಪುಡಿ 1, ಉಪ್ಪು 1 ಕಿಲೋ. ಮೆಕ್ಕೆಜೋಳ ನುಣ್ಣಗೆ ಹಿಟ್ಟು ಮಾಡಬೇಡಿ, ಹಿಟ್ಟು ಬೇಗ ಹುಳಿಯಾಗುತ್ತದೆ. ಖನಿಜ ಮಿಶ್ರಣ ಕುರಿಗೆಂದೇ ತಯಾರಿಸಿದ್ದಾಗಿರಲಿ. ಆಕಳು ಎಮ್ಮೆಯ ಮಿಶ್ರಣದಲ್ಲಿ ತಾಮ್ರ ಹೆಚ್ಚು. ಕುರಿಯ ಯಕೃತ್ತು ಅದನ್ನು ಹೊರಹಾಕದೆ ಕೂಡಿಡುತ್ತದೆ, ತಿಂಗಳುಗಳ ನಂತರ ಒಂದು ದಿನ ಕಾಮಾಲೆಯಾಗಿ, ಕಾಫಿ ಬಣ್ಣದ ಮೂತ್ರ ಮಾಡಿ ಸಾಯುತ್ತದೆ. ಸುಣ್ಣದಕಲ್ಲಿನ ಪುಡಿಯನ್ನು ಬಿಡಬೇಡಿ. ಬೂಸಾ, ತೌಡಿನಲ್ಲಿ ರಂಜಕ ಹೆಚ್ಚು, ಅದಕ್ಕೆ ಎರಡರಷ್ಟು ಕ್ಯಾಲ್ಸಿಯಂ ಇಲ್ಲದಿದ್ದರೆ ಗಂಡುಮರಿಯ ಮೂತ್ರನಾಳದಲ್ಲಿ ಕಲ್ಲು ಕಟ್ಟುತ್ತದೆ. ಮರಿ ಮತ್ತೆ ಮತ್ತೆ ಉಚ್ಚೆಗೆ ತಿಣುಕಿ ಹನಿ ಬಾರದೆ ಒದ್ದಾಡಿದರೆ ಅದೇ ದಿನ ವೈದ್ಯರು ಬೇಕು, ಮರುದಿನಕ್ಕೆ ಬಿಟ್ಟರೆ ಮೂತ್ರಕೋಶ ಒಡೆಯುತ್ತದೆ.

ಜಂತು ಮತ್ತು ಉಣುಗು

ಬಂದ ಮೂರು ನಾಲ್ಕನೆಯ ದಿನ, ಮರಿ ತಿಂದು ಮೆಲುಕು ಹಾಕುತ್ತಿದ್ದರೆ ಜಂತಿನ ಔಷಧ ಕೊಡಬಹುದು. ಅದಕ್ಕೂ ಮೊದಲು ಐದಾರು ಮರಿಗಳ ತಾಜಾ ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿದರೆ ಯಾವ ಹುಳು ಎಂದು ಗೊತ್ತಾಗುತ್ತದೆ, ಹಣವೂ ಉಳಿಯುತ್ತದೆ. ಫೆನ್‌ಬೆಂಡಜೋಲ್ ಆದರೆ ಕಿಲೋ ತೂಕಕ್ಕೆ 5 ಮಿಲಿಗ್ರಾಂ. ಶೇ 2.5ರ ದ್ರಾವಣದಲ್ಲಿ 15 ಕಿಲೋ ಮರಿಗೆ 3 ಮಿಲಿ ಬರುತ್ತದೆ. ಕಣ್ಣಂದಾಜಿನಲ್ಲಿ ಕಡಿಮೆ ಹಾಕಿದರೆ ಬಲವಾದ ಹುಳು ಉಳಿದು ಮುಂದೆ ಆ ಔಷಧಕ್ಕೆ ಬಗ್ಗುವುದೇ ಇಲ್ಲ. ಕುಡಿಸುವಾಗ ಮರಿಯ ಮೂತಿ ಆಕಾಶಕ್ಕೆ ಎತ್ತಬೇಡಿ. ತಲೆ ನೆಲಕ್ಕೆ ಸಮನಾಗಿರಲಿ, ಬಾಯಿಯ ಬದಿಯಿಂದ ನಾಲಿಗೆಯ ಹಿಂಬದಿಗೆ ನಿಧಾನವಾಗಿ ಬಿಡಿ, ಕೆಮ್ಮಿದರೆ ಕೂಡಲೇ ತಲೆ ಇಳಿಸಿ. ಔಷಧ ಕುಡಿಸಿದ ಮೂರನೆಯ ದಿನಕ್ಕೆ ಬರುವ ಉಬ್ಬಸದ ಕಾರಣ ಬಹಳ ಸಲ ಈ ಎತ್ತಿದ ತಲೆ.

ಜಂತಿನ ಔಷಧ ಹಾಕಿದರೂ ಭೇದಿ ನಿಲ್ಲದೆ, ಅದರಲ್ಲಿ ಲೋಳೆ, ರಕ್ತದ ಗೆರೆ ಕಂಡರೆ ಅದು ಕಾಕ್ಸಿಡಿಯ ಇರಬಹುದು. ಹುಳುವಲ್ಲ, ಕಣ್ಣಿಗೆ ಕಾಣದ ಜೀವಿ, ಒದ್ದೆ ನೆಲ ಮತ್ತು ಇಕ್ಕಟ್ಟಿನಿಂದ ಹರಡುತ್ತದೆ. ಇದಕ್ಕೆ ಆಂಪ್ರೋಲಿಯಂನಂಥ ಬೇರೆಯೇ ಔಷಧವನ್ನು ವೈದ್ಯರು ತೂಕ ನೋಡಿ ಐದು ದಿನ ಕೊಡಿಸುತ್ತಾರೆ. ಗೋದಲಿ ನೆಲದಿಂದ ಒಂದಡಿ ಮೇಲಿದ್ದು, ಮರಿ ಅದರೊಳಗೆ ಕಾಲಿಟ್ಟು ಹಿಕ್ಕೆ ಹಾಕದಂತಿದ್ದರೆ ಅರ್ಧ ಕಾಯಿಲೆ ಬರುವುದೇ ಇಲ್ಲ.

ಉಣುಗಿಗೆ ಹತ್ತು ದಿನ ಕಳೆದ ಮೇಲೆ ಡೆಲ್ಟಾಮೆತ್ರಿನ್ ಶೇ 1.25ರ ದ್ರಾವಣವನ್ನು ಲೀಟರ್ ನೀರಿಗೆ 2 ಮಿಲಿ ಬೆರೆಸಿ ಬೆಳಗ್ಗೆ ಸಿಂಪಡಿಸಿ, ನೀರು ಕುಡಿಸಿದ ಮೇಲೆ. ಬಾಯಾರಿದ ಮರಿ ಮೈ ನೆಕ್ಕುತ್ತದೆ. ಗೋಡೆಯ ಬಿರುಕಿಗೂ ಹೊಡೆಯಿರಿ, ಉಣುಗು ಹಗಲು ಅಲ್ಲೇ ಇರುತ್ತದೆ. ಬಳ್ಳಾರಿ ತಳಿಯ ತುಪ್ಪಟ ಕತ್ತರಿಸುವುದಿದ್ದರೆ ಆ ತಿಂಗಳು ಕಳೆಯಲಿ.

ಲಸಿಕೆ

ಮಾರುವವರ ಹಿಂಡಿನಲ್ಲೇ ಎರಡು ವಾರ ಮೊದಲು ಲಸಿಕೆಯಾಗಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಆಗಿಲ್ಲದಿದ್ದರೆ ಅಥವಾ ಖಾತ್ರಿಯಿಲ್ಲದಿದ್ದರೆ, ಏಳನೆಯ ದಿನ ಕರುಳುಬೇನೆಯ ಮೊದಲ ಲಸಿಕೆ, 14ನೆಯ ದಿನ ಪಿಪಿಆರ್ ಅಂದರೆ ಹಿರೇಬೇನೆಯ ಲಸಿಕೆ, 28ಕ್ಕೆ ಕರುಳುಬೇನೆಯ ಎರಡನೆಯದು. ಸುತ್ತಲಿನ ಊರಲ್ಲಿ ಹಿರೇಬೇನೆ ಕಾಣಿಸಿಕೊಂಡಿದ್ದರೆ ವೈದ್ಯರು ಈ ಕ್ರಮ ಬದಲಿಸಿ ಅದನ್ನೇ ಮೊದಲು ಹಾಕಬಹುದು, ಅವರ ಮಾತೇ ನಡೆಯಲಿ. ಗಳಲೆ ಬೇನೆ, ಸಿಡುಬು, ನೀಲಿ ನಾಲಿಗೆಯ ಲಸಿಕೆಗಳು ಮಳೆಗಾಲಕ್ಕೆ ಮುನ್ನ, ನಿಮ್ಮ ತಾಲ್ಲೂಕಿನ ಸ್ಥಿತಿ ನೋಡಿ.

ಜ್ವರ, ಭೇದಿ, ಕೆಮ್ಮು ಇರುವ ಮರಿಗೆ ಲಸಿಕೆ ಬೇಡ. ಸೊರಗಿದ ಮೈ ಲಸಿಕೆಗೆ ಸ್ಪಂದಿಸುವುದಿಲ್ಲ, ಹಾಕಿಸಿದ್ದೇವೆಂಬ ಸುಳ್ಳು ಧೈರ್ಯ ಮಾತ್ರ ಉಳಿಯುತ್ತದೆ. ಲಸಿಕೆಯನ್ನು ಐಸ್ ತುಂಬಿದ ಥರ್ಮಾಸ್‌ನಲ್ಲೇ ತನ್ನಿ. ಪಿಪಿಆರ್ ಲಸಿಕೆ ಜೀವಂತ ವೈರಸ್ಸಿನದು. ದ್ರಾವಣದಲ್ಲಿ ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಸಿರಿಂಜನ್ನು ಸ್ಪಿರಿಟ್ಟಿನಿಂದ ತೊಳೆದರೆ ವೈರಸ್ ಸಾಯುತ್ತದೆ, ಕುದಿಸಿ ಆರಿಸಿದ್ದು ಅಥವಾ ಹೊಸದೇ ಆಗಬೇಕು. ಪ್ರಮಾಣ 1 ಮಿಲಿ, ಚರ್ಮದ ಕೆಳಗೆ. ಕರುಳುಬೇನೆಯ ಲಸಿಕೆ ಹೆಪ್ಪುಗಟ್ಟಿದರೆ ಕೆಟ್ಟಿತು, ಐಸಿಗೆ ನೇರ ತಾಗಿಸಬೇಡಿ. ಬಾಟಲಿಯ ಮೇಲಿನ ಪ್ರಮಾಣವನ್ನೇ ಅನುಸರಿಸಿ, ಹಾಕುವ ಮೊದಲು ಚೆನ್ನಾಗಿ ಅಲುಗಿಸಿ. ಮುಂಜಾನೆ ತಂಪಿನಲ್ಲಿ ಹಾಕಿಸಿ.

ದಿನವೂ ಎರಡು ಸಲ ನೋಡುವುದು

ಬೆಳಗ್ಗೆ ದಾಣಿ ಹಾಕಿದಾಗ ಎದ್ದು ಬಾರದ ಮರಿ ಯಾವುದು ಎಂದು ನೋಡಿ. ಅಷ್ಟೇ ಸಾಕು, ಅದೇ ದೊಡ್ಡ ಪರೀಕ್ಷೆ. ಸಂಜೆ ಎಲ್ಲ ಮಲಗಿದ ಮೇಲೆ ಸದ್ದಿಲ್ಲದೆ ಹೋಗಿ ನಿಂತರೆ ಮೆಲುಕಿನ ಸದ್ದು, ಕೆಮ್ಮು, ಉಸಿರಾಟ ಕೇಳಿಸುತ್ತದೆ.

ದಾರಿಯ ದಣಿವಿನಿಂದ ಬರುವ ಶ್ವಾಸಕೋಶದ ಬೇನೆ ಸಾಮಾನ್ಯವಾಗಿ ಮೊದಲ ಎರಡು ವಾರದಲ್ಲಿ ಕಾಣಿಸುತ್ತದೆ. ಮೂಗು ಸೋರಿಕೆ, ಮೇವು ಬಿಡುವುದು, ಪಕ್ಕೆ ಬಡಿದುಕೊಳ್ಳುವುದು. ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ. ಕುರಿಯ ಮೈಬಿಸಿ 102ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಬೇಸಿಗೆಯ ಮಧ್ಯಾಹ್ನ ಆರೋಗ್ಯವಾದ ಮರಿಯಲ್ಲೂ ಇದು ಏರಿರುತ್ತದೆ, ಆದ್ದರಿಂದ ಹೊತ್ತು ಏರುವ ಮೊದಲೇ ನೋಡಬೇಕು. ಮುಂಜಾನೆಯೇ 104.5 ದಾಟಿದ್ದರೆ ಆ ಮರಿಯನ್ನು ಬೇರೆ ಮಾಡಿ ಅದೇ ದಿನ ಚಿಕಿತ್ಸೆ ಶುರುವಾಗಲಿ. ಪಶು ಆಸ್ಪತ್ರೆ ದೂರವಿದ್ದರೆ 1962ಕ್ಕೆ ಕರೆ ಮಾಡಿದರೆ ಸಂಚಾರಿ ಚಿಕಿತ್ಸಾ ವಾಹನ ಬರುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಆಂಟಿಬಯಾಟಿಕ್ ಒಂದೇ ದಿನ ಚುಚ್ಚಿ ನಿಲ್ಲಿಸುವುದು ಏನೂ ಕೊಡದಿರುವುದಕ್ಕಿಂತ ಕೆಟ್ಟದ್ದು.

ಚಳಿಗಾಲದಲ್ಲಿ ಕೊಟ್ಟಿಗೆಯ ನಾಲ್ಕೂ ಕಡೆ ತಾಡಪಾಲು ಬಿಗಿದು ಮುಚ್ಚುತ್ತಾರೆ. ಹಾಗೆ ಮಾಡಬೇಡಿ. ಉಚ್ಚೆಯ ಘಾಟು ಒಳಗೇ ತುಂಬಿ ಶ್ವಾಸನಾಳ ಸುಡುತ್ತದೆ. ನೀವು ಮಂಡಿಯೂರಿ ಮರಿಯ ಮೂಗಿನ ಎತ್ತರದಲ್ಲಿ ಉಸಿರು ತೆಗೆದುಕೊಂಡಾಗ ಕಣ್ಣು ಉರಿದರೆ ಅಲ್ಲಿ ಗಾಳಿ ಸಾಲದು. ಕೆಳಗೆ ಎರಡಡಿ ಮುಚ್ಚಿ, ಮೇಲೆ ಒಂದಡಿ ತೆರೆದಿಡಿ.

ಕಣ್ಣು ಮೂಗಲ್ಲಿ ಕೀವು, ಬಾಯೊಳಗೆ ಹುಣ್ಣು, ಭೇದಿ, ಜ್ವರ ಒಟ್ಟಿಗೇ ಕಂಡರೆ ಹಿರೇಬೇನೆಯೆಂದೇ ತಿಳಿದು ಕೊಟ್ಟಿಗೆ ಮುಚ್ಚಿ, ಒಂದು ಮರಿಯನ್ನೂ ಹೊರಗೆ ಮಾರಬೇಡಿ. ಇದ್ದಕ್ಕಿದ್ದಂತೆ ಸತ್ತ ಮರಿಯ ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದು ನೆರಡಿ, ಅಂದರೆ ಆಂಥ್ರಾಕ್ಸ್ ಇರಬಹುದು. ಅದು ಮನುಷ್ಯರಿಗೂ ತಗಲುತ್ತದೆ. ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ಮಾಂಸ ಹಂಚಬೇಡಿ. ವೈದ್ಯರು ನೋಡಿದ ಮೇಲೆ ಆರಡಿ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಬೇರೆ ರೀತಿಯ ಸಾವಾದರೆ ಮರಣೋತ್ತರ ಪರೀಕ್ಷೆ ಮಾಡಿಸಲೇಬೇಕು. ಸತ್ತ ಒಂದು ಮರಿ ಉಳಿದ ಮರಿಗಳ ಕಾಯಿಲೆ ಹೇಳುತ್ತದೆ.

ಹೊರಗೆ ಮೇಯಿಸುವುದಿದ್ದರೆ

ಮೊದಲ ಎರಡು ವಾರ ಬೇಡ. ಆಮೇಲೆ ಬಿಟ್ಟರೂ ಜಾಗ ನೋಡಿ ಬಿಡಿ. ಹತ್ತಿ ಹೊಲಕ್ಕೆ ಎಣ್ಣೆ, ಅಂದರೆ ಕೀಟನಾಶಕ ಹೊಡೆದದ್ದು ಯಾವಾಗ ಎಂದು ಹೊಲದವರನ್ನು ಕೇಳದೆ ಬದುವಿಗೂ ಬಿಡಬೇಡಿ. ಕೊಯ್ದ ಜೋಳದ ಕೂಳೆ ಚಿಗುರು, ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದಲ್ಲಿ ಸಯನೈಡ್ ವಿಷ ಇರುತ್ತದೆ, ಹಸಿದ ಮರಿ ಹತ್ತು ನಿಮಿಷ ಮೇದರೂ ಉರುಳುತ್ತದೆ. ತುಂಗಭದ್ರಾ ಕಾಲುವೆಯ ಬಸಿ ನೀರು, ಗದ್ದೆಯ ಅಂಚಿನಲ್ಲಿ ಬಸವನಹುಳು ಇರುವೆಡೆ ಪಿತ್ತಜನಕಾಂಗದ ಹುಳು ಖಂಡಿತ, ಅಲ್ಲಿಯ ಹಸಿರಿಗೆ ಆಸೆಪಡಬೇಡಿ. ಬಳ್ಳಾರಿ ಜಾಲಿಯ ಕಾಯಿ ಸ್ವಲ್ಪ ತಿಂದರೆ ತೊಂದರೆಯಿಲ್ಲ, ಅದೇ ಮೇವಾಗಬಾರದು.

ಹಳೆಯ ಹಿಂಡಿಗೆ ಸೇರಿಸುವುದು

28ನೆಯ ದಿನ ಎಲ್ಲ ಮರಿಗಳನ್ನೂ ಮತ್ತೆ ತೂಗಿ. ಮೊದಲ ವಾರ ತೂಕ ಏರಿರುವುದಿಲ್ಲ, ಅದು ಸಹಜ. ಮುಂದಿನ ಮೂರು ವಾರದಲ್ಲಿ ಒಂದೂವರೆ ಎರಡು ಕಿಲೋ ಬಂದಿದ್ದರೆ ಮರಿ ನೆಲೆ ನಿಂತಿದೆ. ದಾಣಿ ಪೂರ್ತಿಯಾದ ಮೇಲೆ ದಿನಕ್ಕೆ 100 ಗ್ರಾಂ ಆಸುಪಾಸು ಏರುವುದನ್ನು ನಿರೀಕ್ಷಿಸಬಹುದು. ಏನೂ ಏರದ ಮರಿಗಳನ್ನು ಬೇರೆ ಗುಂಪು ಮಾಡಿ, ಹಿಕ್ಕೆ ಮತ್ತೊಮ್ಮೆ ಪರೀಕ್ಷಿಸಿ.

ಕೊನೆಯ ಎರಡು ವಾರ ಕೆಮ್ಮು, ಭೇದಿ, ಜ್ವರ ಯಾವುದೂ ಇಲ್ಲದಿದ್ದರೆ ಮಾತ್ರ ಬೆರೆಸಿ. ಮೊದಲು ಎರಡು ದಿನ ನಡುವೆ ತಡಿಕೆಯಿಟ್ಟು ಒಂದನ್ನೊಂದು ನೋಡಲು ಬಿಡಿ, ಮೂರನೆಯ ದಿನ ಸಂಜೆ ಎರಡೂ ಕಡೆಯವು ಹೊಟ್ಟೆ ತುಂಬ ಮೇದ ಮೇಲೆ ತಡಿಕೆ ತೆಗೆಯಿರಿ. ಗುಂಪು ವಯಸ್ಸಿನ ಮೇಲಲ್ಲ, ತೂಕದ ಮೇಲೆ ಮಾಡಿ. 14 ಕಿಲೋ ಮರಿಯನ್ನು 25 ಕಿಲೋ ಟಗರಿನ ಜೊತೆ ಬಿಟ್ಟರೆ ಹಾಯಿಸಿಕೊಂಡು ಪಕ್ಕೆಲುಬು ಮುರಿಯುತ್ತದೆ. ಬೆರೆಸಿದ ರಾತ್ರಿ ಗೋದಲಿಯ ಜೊತೆ ಇನ್ನೊಂದು ಮೂಲೆಯಲ್ಲೂ ಹೊಟ್ಟು ಇಡಿ, ಹೆದರಿ ದೂರ ನಿಂತ ಮರಿಗೂ ತಿನ್ನಲು ಜಾಗ ಸಿಗುತ್ತದೆ.